ಆಯಿಯ ಕೈ ಬಲ್ಲ ಕಾಕು

ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಎಷ್ಟೋ ಮನೆತನಗಳ ಹಳೆಯ ಬಂಗಾರ ನನ್ನ ಕುತ್ತಿಗೆಯ ಮೇಲೆ ಕೂತು ಎದ್ದುಹೋಗಿದೆ. ಒಂದೂ ನನ್ನದಲ್ಲ. ಅವುಗಳನ್ನು ಹಾಕಿಕೊಂಡು ನಾನು ಮದುವೆಗೆ ಹೋಗಿಲ್ಲ, ಫೋಟೋ ತೆಗೆಸಿಕೊಂಡಿಲ್ಲ, ಕನ್ನಡಿಯಲ್ಲಿ ನೋಡಿಕೊಳ್ಳುವುದಕ್ಕೂ ಪುರಸತ್ತು ಸಿಕ್ಕಿಲ್ಲ. ಹಾಕಿಕೊಂಡು ಮಾಡಿದ್ದು ಒಂದೇ ಕೆಲಸ, ಪಕ್ಕದ ಮನೆಯ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದದ್ದು. "ನಾ ಕಟ್ಟಿದ ತಾಳಿ ಒಂದ ಬಿಟ್ರ ನಿನ್ನ ಕುತ್ತಿಗ್ಯಾಗ ಕುಂತಿದ್ದೆಲ್ಲಾ ಊರವರದ" ಎಂದು ನನ್ನ ಯಜಮಾನರು ಈಗಲೂ ಛೇಡಿಸುತ್ತಾರೆ. ಹಾಗೆ ನನ್ನನ್ನು ಕೂರಿಸಿ ರೊಟ್ಟಿ ಬಡಿಸುತ್ತಿದ್ದವರು ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು.

ಎಂಬತ್ತರ ದಶಕದ ಮೊದಲಲ್ಲಿ ನಾನು ಕಾಗವಾಡದಿಂದ ಮದುವೆಯಾಗಿ ಅಥಣಿಗೆ ಬಂದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ನಮ್ಮ ಮನೆಗೂ ಕಾಕುವಿನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬಂಗಾರದ ಕೆಲಸದ ಪತ್ತಾರರ ಮನೆತನದವರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮೈದುನನ ಮಗ ಮಹಡಿಯ ಮೇಲೆ ಸಂಸಾರ ಹೂಡಿದ್ದ, ಕೆಳಗಿನ ಎರಡು ಕೋಣೆಗಳಲ್ಲಿ ಕಾಕುವಿನ ದರ್ಬಾರು. ಗಿಡ್ಡ, ದಪ್ಪ ಹೆಂಗಸು. ಗಲ್ಲ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಸುರುವಾಗುತ್ತದೆ ಎಂದು ಹೇಳುವುದೇ ಕಷ್ಟ. ಹಣೆ, ಕುತ್ತಿಗೆ, ಕೈ ಎಲ್ಲವೂ ಬರಿದು. ಗಂಡ ಸತ್ತವರ ಮೈಮೇಲೆ ಬಂಗಾರದ ಒಂದು ಎಳೆ ಕಂಡರೂ ಓಣಿಗೆ ಓಣಿಯೇ ಬಾಯಿ ಮಾಡುತ್ತಿದ್ದ ಕಾಲ ಅದು.

ಹೊಸ ಸೊಸೆಯನ್ನು ನೋಡಲೆಂದು ಅವರು ನಮ್ಮ ಮನೆಗೆ ಬಂದ ದಿನ ನನ್ನ ಮುಖವನ್ನು ನೋಡಲೇ ಇಲ್ಲ. ಸೆರಗು ಸರಿಸಿ ಕುತ್ತಿಗೆ ನೋಡಿದರು. ಗಂಟಲಿನ ಕುಳಿಯನ್ನು ಬೆರಳಿನಿಂದ ಮುಟ್ಟಿದರು. "ಅಗಬಾಈ! ಇದು ನಮ್ಮ ಆಯೀದ ಕುತ್ತಿಗೀನ. ಹಿಂತಾ ತೆಳ್ಳಗಿನ ಕುತ್ತಿಗಿ ಹುಡಕಿದ್ರ ಸಿಗೂದಿಲ್ಲ" ಎಂದು ಕೂಗಿದರು. ಅವರು ಹೋದ ಮೇಲೆ ನನ್ನ ಅತ್ತೆಯವರು ದೃಷ್ಟಿಯಾದೀತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಂದಿನಿಂದ ಆ ಮನೆಯಲ್ಲಿ ನನ್ನ ಹೆಸರು 'ಕುತ್ತಿಗಿ' ಎಂದೇ ಆಯಿತು. ನಾಲ್ಕು ಜನರೆದುರು ಮಾತ್ರ, ಶಾಲೆಯಲ್ಲಿ ಕಲಿಸುವವಳೆಂದು, 'ಅಕ್ಕೋರ' ಎನ್ನುತ್ತಿದ್ದರು.

ಆಯಿ ಎಂದರೆ ಕಾಕುವಿನ ಅತ್ತೆ. ನಾನು ಅವರನ್ನು ಕಂಡವಳಲ್ಲ, ಆದರೆ ಆ ಓಣಿಯಲ್ಲಿ ಅವರ ಮಾತು ಬಾರದ ದಿನವಿರಲಿಲ್ಲ. ಗಂಡನಿಗೆ ಲಕ್ವಾ ಹೊಡೆದು ಬಲಗೈ ಬಿದ್ದಾಗ ಆ ಹೆಣ್ಣುಮಗಳು ಊದುಗೊಳವೆ ಹಿಡಿದು ಅಗ್ಗಿಷ್ಟಿಕೆಯ ಮುಂದೆ ಕೂತರಂತೆ. ನಮ್ಮ ಕಡೆ ಅದಕ್ಕೆ ಮೊದಲು ಬಂಗಾರದ ಕೆಲಸಕ್ಕೆ ಕೂತ ಹೆಂಗಸು ಇರಲಿಲ್ಲ. ಗಂಡಸರು ಮಾಡಿದ್ದನ್ನೇ ಆಯಿ ಮಾಡಿದ್ದರೆ ಜನ ಒಂದಿಷ್ಟು ದಿನ ಆಡಿಕೊಂಡು ಮರೆಯುತ್ತಿದ್ದರು. ಅವರು ಒಡವೆಯ ಆಕಾರವನ್ನೇ ಬದಲಿಸಿದರು. "ಗಂಡಸ ಮಾಡಿದ ದಾಗೀನ ನೋಡಾಕ ಚಂದ. ಅದನ್ನ ಹಾಕ್ಕೊಂಡ ಅಂವಾ ಎಂದರ ನೀರ ಸೇದ್ಯಾನೇನ, ರೊಟ್ಟಿ ಬಡದಾನೇನ?" ಎನ್ನುತ್ತಿದ್ದರಂತೆ.

ನಮ್ಮಲ್ಲಿ ಟೀಕಿ ಎಂಬ ಒಡವೆ ಇದೆ. ಬಂಗಾರದ ಸಣ್ಣ ಸಣ್ಣ ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿ, ಹಿಂದೆ ರೇಶಿಮೆಯ ಗೊಂಡೆಯಿಂದ ಕಟ್ಟುತ್ತಾರೆ. ಕುತ್ತಿಗೆಗೆ ಅಂಟಿ ಕೂಡುತ್ತದೆ. ಬಗ್ಗಿದರೆ ಗಂಟಲಿಗೆ ಒತ್ತುತ್ತದೆ, ಕೆಲಸ ಮಾಡಿದರೆ ಕಿವಿಯ ಕಡೆಗೆ ಜಾರುತ್ತದೆ. ಎಲ್ಲರೂ ಅದು ಹಾಗೇ ಇರುವುದು ಎಂದುಕೊಂಡಿದ್ದರು. ಆಯಿ ಏನು ಮಾಡಿದರೆಂದರೆ, ತಿನ್ನುವ ವೀಳ್ಯದೆಲೆಯನ್ನು ಕತ್ತರಿಸಿ, ನೀರು ಹಚ್ಚಿ ತಮ್ಮ ಕುತ್ತಿಗೆಗೆ ಅಂಟಿಸಿಕೊಂಡು ಮನೆಗೆಲಸಕ್ಕೆ ಇಳಿದರು. ಎಲೆ ಎಲ್ಲಿ ಮುದುಡಿತು, ಎಲ್ಲಿ ಹರಿಯಿತು ನೋಡಿಕೊಂಡು ಮತ್ತೊಂದು ಎಲೆ ಕತ್ತರಿಸಿದರು. ಹಾಗೆ ಎಷ್ಟು ಎಲೆ ಹಾಳಾದವೋ. ಕಡೆಗೆ ಗಂಟಲಿನ ಹತ್ತಿರ ಗಿಡ್ಡ ಬಿಲ್ಲೆ, ಪಕ್ಕಕ್ಕೆ ಓರೆ ಬಿಲ್ಲೆ ಎಂದು ಗೊತ್ತುಮಾಡಿದರು. ಆ ಟೀಕಿ ಯಾರ ಕುತ್ತಿಗೆಯ ಮೇಲೂ ಜಾರುತ್ತಿರಲಿಲ್ಲ. ತೆಳ್ಳಗಿನ ಕುತ್ತಿಗೆಯ ಮೇಲೆ ನಿಂತದ್ದು ದಪ್ಪ ಕುತ್ತಿಗೆಯ ಮೇಲೆ ನಿಂತೇ ನಿಲ್ಲುತ್ತದೆ, ಆಯಿಯದು ತೆಳ್ಳಗಿನ ಕುತ್ತಿಗೆಯಾಗಿತ್ತು. ಸುತ್ತಲಿನ ಪತ್ತಾರರು ನೋಡಿ ನಕಲು ಮಾಡಿದರು, ಆದರೆ ಎಲೆ ಅಂಟಿಸಿಕೊಂಡು ಕಸ ಹೊಡೆಯುವ ಗಂಡಸು ಯಾರೂ ಸಿಗಲಿಲ್ಲ.

ಆಯಿ ಹೋದ ಮೇಲೆ ಅವರ ಒಡವೆಗೆ ಮಾನ ಇನ್ನೂ ಹೆಚ್ಚಿತು. ಬೀಗರ ಮುಂದೆ "ಇದು ಆಯೀ ಟೀಕಿ" ಎಂದು ಹೇಳಿಕೊಳ್ಳುವುದೇ ಒಂದು ದೊಡ್ಡಸ್ತಿಕೆ. ನಕಲಿಗಳೂ ಹೆಚ್ಚಾದವು. ಹೀಗಾಗಿ ಯಾರ ಮನೆಯಲ್ಲಿ ಅನುಮಾನ ಬಂದರೂ ಒಡವೆ ಕಾಕುವಿನ ಹತ್ತಿರ ಬರುತ್ತಿತ್ತು. ಆಯಿಯ ಪಕ್ಕದಲ್ಲಿ ಕೂತು ಕೆಲಸ ಕಲಿತವರು ಅವರೊಬ್ಬರೇ.

ಬಂದವರು ಭೂತಗನ್ನಡಿ, ಒರೆಗಲ್ಲು ಏನಾದರೂ ತೆಗೆಯುತ್ತಾರೆಂದು ಕಾಯುತ್ತಿದ್ದರು. ಕಾಕು ಒಡವೆಯ ಮುಖ ನೋಡುತ್ತಿರಲಿಲ್ಲ. ಬೆನ್ನು ನೋಡುತ್ತಿದ್ದರು, ಮೂಸುತ್ತಿದ್ದರು, ತುಟಿಯಿಂದ ಅಂಚು ಸವರುತ್ತಿದ್ದರು. ಆಮೇಲೆ ಗೋಡೆಗೆ ಲಟ್ಟಣಿಗೆಯಿಂದ ಕುಟ್ಟುತ್ತಿದ್ದರು. ಅದು ನನಗೆ ಕರೆ. ಹೋದರೆ ಒಡವೆ ಕಟ್ಟಿ ಒಲೆಯ ಮುಂದೆ ಕೂರಿಸಿ, ಪರಾತದಲ್ಲಿ ಹಿಟ್ಟು ಹಾಕಿ, "ಬಡಿ" ಎನ್ನುತ್ತಿದ್ದರು. ನಾನು ಬಡಿಯಬೇಕು. ಎರಡನೆಯದೋ ಮೂರನೆಯದೋ ರೊಟ್ಟಿಯ ಹೊತ್ತಿಗೆ ಟೀಕಿ ಜಾರಿದರೆ "ಆಯೀದಲ್ಲ, ಒಯ್ರಿ." ಜಾರದೆ ಕೂತರೆ ಕೈಮುಗಿದು, ಬಿಚ್ಚಿ ಕೊಡುತ್ತಿದ್ದರು. ಕಿವಿಯ ಒಡವೆಯಾದರೆ ತಲೆಯ ಮೇಲೆ ಸೆರಗು ಹೊದ್ದು ಕೊಡ ಹೊತ್ತು ಹಿತ್ತಲಿಗೆ ಹೋಗಿ ಬರಬೇಕು. ಸೆರಗಿನ ಎಳೆ ಸಿಕ್ಕಿಕೊಂಡರೆ ಅದೂ ಆಯಿಯದಲ್ಲ. ಬಡಿದ ರೊಟ್ಟಿಗಳನ್ನು ಬಂದವರಿಗೇ ಎಣ್ಣೆ ಚಟ್ನಿಪುಡಿಯೊಡನೆ ತಿನ್ನಿಸಿ ಕಳಿಸುತ್ತಿದ್ದರು. ನಕಲಿ ತಂದವರಿಗೆ ಒಂದು ರೊಟ್ಟಿ ಹೆಚ್ಚಿಗೆ. "ಪಾಪ, ಮಾರಿ ಸಣ್ಣದ ಮಾಡ್ಕೊಂಡಾವ" ಎಂಬ ಕರುಣೆ.

ಕಾಕುವಿನ ಬಾಯಿ ಮಾತ್ರ ಬಲು ಕೆಟ್ಟದು. ಬೈಗುಳ ಎಲ್ಲ ಮರಾಠಿಯಲ್ಲಿ, ಕಕ್ಕುಲಾತಿ ಎಲ್ಲ ಕನ್ನಡದಲ್ಲಿ. ನಾನು ಹಿಟ್ಟು ಚೆಲ್ಲಿದರೆ "ವೇಡೀ ಕುಠಲೀ!" ಎಂದು ಗದರಿ, ಮರುಗಳಿಗೆಯಲ್ಲೇ "ಕೈ ಸುಟ್ಟಿತೇನಬೇ?" ಎಂದು ಊದುತ್ತಿದ್ದರು. ಹೊಗಳಿಕೆ ಬಹಳ ಇಷ್ಟ. "ಕಾಕು ಹೇಳಿದ ಮ್ಯಾಲ ಮುಗೀತು" ಎಂದು ಯಾರಾದರೂ ಅಂದರೆ ಕೇಳಿಸದವರ ಹಾಗೆ "ಏನಂದ್ರಿ?" ಎಂದು ಮತ್ತೊಮ್ಮೆ ಹೇಳಿಸುತ್ತಿದ್ದರು. ಬೇರೆ ಪತ್ತಾರರ ಕೆಲಸದಲ್ಲಿ ಒಂದು ಒಳ್ಳೆಯದನ್ನು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಮಧ್ಯಾಹ್ನ ರೇಡಿಯೋದಲ್ಲಿ ಮರಾಠಿ ನಾಟಕ ಬರುವಾಗ ಯಾರ ಮನೆಯ ಬಂಗಾರ ಬಂದರೂ ಹೊರಗೆ ಕಟ್ಟೆಯ ಮೇಲೆ ಕಾಯಬೇಕಾಗಿತ್ತು.

ಚಿಕ್ಕೋಡಿಯಿಂದ ಒಬ್ಬರು ದೊಡ್ಡ ಕುಳ ಮಖಮಲ್ಲಿನ ಪೆಟ್ಟಿಗೆಯಲ್ಲಿ ಟೀಕಿ ತಂದಿದ್ದರು. ಜೀಪಿನಿಂದ ಇಳಿದು ಒಳಗೆ ಬರುವಷ್ಟರಲ್ಲಿ ತಮ್ಮ ಅಜ್ಜ, ಮುತ್ತಜ್ಜರ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದರು. ಕಾಕು ಪೆಟ್ಟಿಗೆ ತೆರೆಯಲಿಲ್ಲ. "ಮನ್ಯಾಗ ಯಾರ ಹಾಕ್ಕೋತಾರ್ರಿ ಇದನ್ನ?" ಎಂದು ಕೇಳಿದರು.

"ಹಾಕ್ಕೊಳ್ಳೂದೆಲ್ಲಿ ಬಂತ್ರಿ, ಬ್ಯಾಂಕಿನ್ಯಾಗ ಇಟ್ಟೀವಿ" ಎಂದರು ಅವರು, ಹೆಮ್ಮೆಯಿಂದ.

"ಹಂಗಾರ ಆಯೀದಾದ್ರ ಏನ, ಅಲ್ಲದಿದ್ರ ಏನ? ಬ್ಯಾಂಕಿಗೇನ ಜಾರತೈತೇನ್ರಿ? ಹಾಕ್ಕೊಳ್ಳವರನ್ನ ಕರಕೊಂಡ ಬರ್ರಿ, ನೋಡೂಣು" ಎಂದು ಪೆಟ್ಟಿಗೆ ತಿರುಗಿ ಕೊಟ್ಟರು. ಆ ಮನುಷ್ಯ ಬೇಜಾರಿನಿಂದ ಹೋದವರು ತಿಂಗಳೊಪ್ಪತ್ತಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಬಂದರು. ಆ ಹೆಂಗಸಿಗೆ ಜೀಪಿನಲ್ಲಿ ಅಥಣಿ ನೋಡಿದ ಖುಷಿಯೇ ಹೆಚ್ಚಾಗಿತ್ತು. ಟೀಕಿ ಆಯಿಯದೇ ಆಗಿತ್ತು.

ಇನ್ನೊಮ್ಮೆ ಚಿಂಚಲಿಯ ಕಡೆಯ ಕುರುಬರ ಮುದುಕಿ ಬಂದಿದ್ದಳು. ತೋಳಿನ ಬೆಳ್ಳಿ ವಂಕಿಯ ಕೊಂಡಿ ಮುರಿದಿತ್ತು, ಬೆಸುಗೆ ಹಾಕಿಸಬೇಕಾಗಿತ್ತು, ಅಷ್ಟೇ. ಕಾಕು ಅದನ್ನು ಕೈಗೆ ತೆಗೆದುಕೊಂಡರು. ಒಳಬದಿ ಬೆರಳಾಡಿಸಿ ಕಣ್ಣು ತುಂಬಿಕೊಂಡರು. "ಯವ್ವಾ, ಇದು ನಮ್ಮ ಅತ್ತಿ ಮಾಡಿದ್ದವಾ. ಕುರಿಮರಿ ಎತ್ತಿದ್ರ ಮರಿಗೂ ಚುಚ್ಚಬಾರದಂತ ಅಂಚ ಮಡಚ್ಯಾಳ ನೋಡು" ಎಂದು ತೋರಿಸಿದರು. ಮುದುಕಿ "ನಮಗೇನ ತಿಳಿತೈತಿರಿ, ಚುಚ್ಚೂದಿಲ್ಲ ಅಂತಷ್ಟ ಗೊತ್ತ" ಎಂದಳು. ಕಾಕು ಆ ಮಾತನ್ನು ವಾರಗಟ್ಟಲೆ ಹೇಳಿಕೊಂಡು ತಿರುಗಿದರು. ದೊಡ್ಡ ಮನೆಗಳ ಬಂಗಾರ ಗುರುತಿಸಿದಾಗ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ.

ಒಂದು ವಿಷಯ ನನಗೆ ತಿಳಿಯುತ್ತಿರಲಿಲ್ಲ. ಅಪರೂಪಕ್ಕೆ ಕೆಲವು ಟೀಕಿಗಳನ್ನು ಕಾಕು ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿದ್ದೇ ತಡ, "ಆಯೀದ ಐತಿ, ಒಯ್ರಿ" ಎಂದು ಕೊಟ್ಟುಬಿಡುತ್ತಿದ್ದರು. ಗೋಡೆಗೆ ಲಟ್ಟಣಿಗೆ ಕುಟ್ಟುತ್ತಿರಲಿಲ್ಲ, ರೊಟ್ಟಿಯೂ ಇಲ್ಲ, ಕೈಮುಗಿಯುವುದೂ ಇಲ್ಲ. ಒಮ್ಮೆ ಕೇಳಿದೆ, "ಅದನ್ಯಾಕ ನನಗ ಹಾಕಿ ನೋಡಲಿಲ್ರಿ?" "ಎಲ್ಲಾಕ್ಕೂ ನಿನ್ನ ಕುತ್ತಿಗೀನ ಬೇಕೇನ? ಭಾಳ ಮೆರೀಬ್ಯಾಡ" ಎಂದು ಬಾಯಿ ಮುಚ್ಚಿಸಿದರು. ಅನುಭವದ ಕಣ್ಣು, ಒಮ್ಮೊಮ್ಮೆ ಅಷ್ಟೇ ಸಾಕಾಗುತ್ತದೆ ಎಂದುಕೊಂಡೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ರವಿವಾರ ಪಾಲಬಾವಿಯಿಂದ ಒಂದು ಕುಟುಂಬ ಬಂತು. ತುಂಬು ಮೈಯ ತಾಯಿ, ಕಾಗವಾಡಕ್ಕೆ ಕೊಟ್ಟಿದ್ದ ಕಡ್ಡಿಯಂಥ ಮಗಳು, ಹಿಂದೆ ಕೂಸನ್ನು ಎತ್ತಿಕೊಂಡ ದುಂಡನೆಯ ಸೊಸೆ. ಸೊಸೆಯ ತವರು ನಿಪ್ಪಾಣಿ. ಆ ಮನೆಯ ಯಜಮಾನರು ಒಳಗೆ ಬರಲಿಲ್ಲ, ಹೆಂಗಸರ ಪಂಚಾಯ್ತಿ ತಮಗೇಕೆಂದು ಹೊರಗೆ ಕಟ್ಟೆಯ ಮೇಲೆ ಕೂತರು. ಸೊಸೆಯ ಕಾಲ ಹತ್ತಿರ ಒಂದು ಬಟ್ಟೆಯ ಗಂಟಿತ್ತು. ಅದೇಕೆಂದು ಆಮೇಲೆ ತಿಳಿಯಿತು.

ತಾಯಿ ತನ್ನ ಮದುವೆಯಲ್ಲಿ ಹಾಕಿಕೊಂಡಿದ್ದ ಟೀಕಿಯನ್ನು ಸೊಸೆಗೆ ಕೊಟ್ಟಿದ್ದಳು. ಸೊಸೆ ಬಾಣಂತನಕ್ಕೆ ನಿಪ್ಪಾಣಿಗೆ ಹೋಗಿ ಬಂದಿದ್ದಳು. ಆಮೇಲೆ ಮಗಳು ಯಾವುದೋ ಮದುವೆಗೆಂದು ಅದನ್ನು ಇಸಿದುಕೊಂಡು ಹೋದಳು. ಅಲ್ಲಿಂದ ಸುರುವಾಗಿತ್ತು ರಂಪ.

"ಆಯೀ ಟೀಕಿ ಜಾರೂದಿಲ್ಲಂತ ಊರಿಗೆಲ್ಲಾ ಗೊತ್ತೈತ್ರಿ" ಎಂದಳು ಮಗಳು. "ಮದಿವ್ಯಾಗ ನಾ ಊಟಕ್ಕ ಬಡಸಾಕತ್ತಿದ್ನಿ. ಬಗ್ಗಿದಾಗೊಮ್ಮೆ ಕಿವೀ ಕಡೆ ಜಾರತಿತ್ರಿ. ಬೀಗರೆಲ್ಲಾ ನಕ್ಕರು. ಖರೇದ್ದು ನಿಪ್ಪಾಣ್ಯಾಗ ಉಳದೈತಿ, ನಕಲಿ ನಮ್ಮ ಮನೀಗೆ ಬಂದೈತಿ."

"ನನಗ ಜಾರಲಿಲ್ರಿ" ಎಂದಳು ಸೊಸೆ. ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. ಆ ಮಾತನ್ನು ಅವಳು ಬಹಳ ಸಲ ಹೇಳಿ ದಣಿದಿದ್ದಂತೆ ಕಂಡಿತು.

"ನೀ ಸುಮ್ಮನಿರಬೇ" ಎಂದಳು ಅತ್ತೆ. ಆಮೇಲೆ ಕಾಕುವಿಗೆ, "ನೀವು ಹೇಳ್ರಿ. ಆಯೀದಂದ್ರ ಸುಮ್ಮನ ಮನೀಗೆ ಹೋಗ್ತೀವಿ. ಅಲ್ಲಂದ್ರ ಇಲ್ಲಿಂದ ಸೀದಾ ನಿಪ್ಪಾಣಿ ಬಸ್ಸಿಗೆ ಹತ್ತಸ್ತೀವಿ, ಅಕಿ ಅಲ್ಲೇ ಇರ್ಲಿ. ಮಗಗೂ ಹೇಳೇ ಬಂದೀನಿ" ಎಂದಳು. ಗಂಟು ಅದಕ್ಕಾಗಿ ಬಂದಿತ್ತು.

ನಾನು ಚಟ್ನಿಪುಡಿ ಕೇಳಲು ಹೋದವಳು ಬಾಗಿಲಲ್ಲೇ ನಿಂತಿದ್ದೆ. ಕಾಕು ಟೀಕಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿದರು. "ಆಯೀದ ಐತಿ. ಒಯ್ರಿ" ಎಂದರು.

ಮಗಳು ಬಿಡಬೇಕಲ್ಲ. "ಎಲ್ಲಾರಿಗೂ ರೊಟ್ಟಿ ಬಡಿಸಿ ನೋಡ್ತೀರಂತ, ನಮಗ್ಯಾಕ ನೋಡೂದಿಲ್ರಿ? ಈ ಅಕ್ಕೋರ ಇಲ್ಲೇ ಅದಾರಲ್ಲ, ಹಾಕಿ ನೋಡ್ರಿ. ನಮಗ ಸಮಾಧಾನ ಆಗ್ಲಿ."

ಕಾಕು ನನ್ನ ಕಡೆ ನೋಡಿದ ನೋಟ ನನಗೆ ಹೊಸದು. ಏನೋ ನೆಪ ಹುಡುಕುವವರಂತಿದ್ದರು, ಸಿಗಲಿಲ್ಲ. ನಾನೇ ದಡ್ಡಿಯಂತೆ ಹುಮ್ಮಸ್ಸಿನಿಂದ ಒಲೆಯ ಮುಂದೆ ಕೂತುಬಿಟ್ಟೆ. ಕಾಕು ಕಟ್ಟಿದರು. ಮೊದಲ ರೊಟ್ಟಿಗೆ ಟೀಕಿ ಅಲುಗಿತು. ಎರಡನೆಯದಕ್ಕೆ ಜಾರಿ ಕಿವಿಯ ಕೆಳಗೆ ಬಂದು ಕೂತಿತು. ಕಾಕು ತಾವೇ ಸರಿಪಡಿಸಿ, ಗೊಂಡೆ ಬಿಗಿ ಮಾಡಿ, "ಇನ್ನೊಂದ ಬಡಿ" ಎಂದರು. ಮತ್ತೆ ಜಾರಿತು. ಅವರು ಅದನ್ನೇ ನೋಡುತ್ತ ನಿಂತರು. ಇಷ್ಟು ಆಶ್ಚರ್ಯಪಡುವಂಥದ್ದೇನಿದೆ, ನಕಲಿ ಜಾರುವುದನ್ನು ಇವರು ಹೊಸದಾಗಿ ನೋಡುತ್ತಿದ್ದಾರೆಯೇ ಎಂದು ನನಗೆ ಅನಿಸಿತು.

"ಹಂಗಾರ ಆಯೀದಲ್ಲೇನ್ರಿ?" ಎಂದಳು ತಾಯಿ.

ಕಾಕು "ಅಲ್ಲ" ಎಂದರು.

"ನೋಡಿದೇನಬೇ ಯವ್ವಾ!" ಎಂದು ಮಗಳು ಎದ್ದು ನಿಂತಳು. ಸೊಸೆ ಅಳಲಿಲ್ಲ. ಕೂಸನ್ನು ಹೆಗಲಿಗೆ ಬದಲಿಸಿಕೊಂಡು ಬಗ್ಗಿ ಗಂಟಿಗೆ ಕೈ ಹಾಕಿದಳು. ನನ್ನ ಕುತ್ತಿಗೆಯ ಮೇಲೆ ಇದ್ದ ಅಷ್ಟು ಬಂಗಾರ ಬೆಂಕಿಯಂತೆ ಸುಡುತ್ತಿತ್ತು, ಯಾವಾಗ ಬಿಚ್ಚೇನು ಎನ್ನಿಸಿತ್ತು.

"ಕೂಡಬೇ" ಎಂದರು ಕಾಕು ಸೊಸೆಗೆ. ಗಟ್ಟಿಯಾಗಿಯೇ ಹೇಳಿದರು. ಆಮೇಲೆ ನನ್ನ ಕುತ್ತಿಗೆಯಿಂದ ಟೀಕಿ ಬಿಚ್ಚಿಕೊಂಡು, ನನ್ನನ್ನು ಎಬ್ಬಿಸಿ, ಒಲೆಯ ಮುಂದೆ ತಾವು ಕೂತರು. ಸೆರಗನ್ನು ಹೆಗಲಿನಿಂದ ಹಿಂದಕ್ಕೆ ಹಾಕಿದರು. ಟೀಕಿಯನ್ನು ಕುತ್ತಿಗೆಗೆ ಹಚ್ಚಿ ಹಿಡಿದು, "ಕಟ್ಟು" ಎಂದರು.

ನನ್ನ ಕೈ ಮೇಲೆ ಏಳಲಿಲ್ಲ. ಅವರ ಬರಿ ಕುತ್ತಿಗೆಯನ್ನು ದಿನಾ ನೋಡಿದವಳು ನಾನು. ಆ ತಾಯಿ "ಶಿವ ಶಿವಾ!" ಎಂದಳು. ಓಣಿಯಲ್ಲಿ ಜನ ಓಡಾಡುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಲು ಹೋದೆ.

"ಬ್ಯಾಡ, ತೆರದ ಇರ್ಲಿ" ಎಂದರು ಕಾಕು. "ಬಂದ ಕಟ್ಟಬೇ ಕುತ್ತಿಗೀ, ಹಿಟ್ಟ ಆರಾಕತ್ತೈತಿ."

ಕಟ್ಟಿದೆ. ಗಂಟು ಹಾಕಲು ಎರಡು ಸಲ ಬೇಕಾಯಿತು. ಕಾಕು ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದರು. ಅವರು ಬಡಿಯುವುದನ್ನು ನೋಡಬೇಕು, ಇಡೀ ಮೈ ಅಲುಗುತ್ತದೆ. ಒಂದು ರೊಟ್ಟಿ ಬೇಯಿಸಿದರು, ಇನ್ನೊಂದು, ಮತ್ತೊಂದು. ಟೀಕಿ ಕೂತಲ್ಲಿಂದ ಕದಲಲಿಲ್ಲ. ಆ ದಪ್ಪ ಕುತ್ತಿಗೆಯ ಮೇಲೆ, ಬೆವರಿನ ನಡುವೆ, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು.

"ಈ ಹುಡಿಗಿ ಏನೂ ಬದಲಿ ಮಾಡಿಲ್ಲ" ಎಂದರು ಕಾಕು, ಹಿಟ್ಟಿನ ಕೈಯಲ್ಲೇ. "ನಿಮಗ ಮದಿವ್ಯಾಗ ಬಂದಿದ್ದ ಟೀಕಿ ಇದ. ಮಾಡಿದಾಕಿ ನಾನು. ಆಯೀ ಕಣ್ಣಿಗೆ ಪೊರಿ ಬಂದಿತ್ತು. ನನ್ನ ಗಂಡಗ ಈ ಕೆಲಸ ಎಂದೂ ಕೈಗೆ ಹತ್ತಲಿಲ್ಲ, ಅಂವನೂ ಹೋಗಿಬಿಟ್ಟ. ಜನ ಆಯೀ ಕೈಯಾಗಿಂದ ಬೇಕಂತ ಬರತಿದ್ರು. ಮಾಡತಿದ್ದಾಕಿ ನಾನು, ಎತ್ತಿ ಕೊಡತಿದ್ದಾಕಿ ಆಯೀ."

"ಹಂಗಾರ ಜಾರೂದ್ಯಾಕ?" ಎಂದಳು ಮಗಳು.

"ಹಾಕಿ ನೋಡಾಕ ಒಂದ ಕುತ್ತಿಗಿ ಬೇಕಲ್ಲ. ಆಯೀ ಮೈ ಆಗ ಎಲುವ ಆಗಿತ್ತು, ಹಾಸಿಗಿ ಹಿಡದಿದ್ಲು. ಬ್ಯಾರೆ ಹೆಂಗಸರನ್ನ ಕರದ್ರ ಗುಟ್ಟ ರಟ್ಟಾಗ್ತಿತ್ತು. 'ಬಾಗಲಾ ಹಾಕ್ಕೊಂಡ ನಿನ್ನ ಕುತ್ತಿಗಿಗೇ ಕಟ್ಟಿ ನೋಡು, ದೇವರಿಗೆ ನಾ ಹೇಳ್ತೀನಿ' ಅಂದ್ಲು ಆಯೀ. ಹಂಗ ನೋಡಿದ್ನಿ. ಗಂಡ ಸತ್ತ ಮ್ಯಾಲ. ನಂದನ್ನ ಆಯೀದಂತ ಸುಳ್ಳ ಹೇಳಿ ಆಯೀ ಪರೀಕ್ಷೆಗೆ ಹಚ್ಚಾಕ ಎಂದೂ ಮನಸ ಬರಲಿಲ್ಲ. ನನ್ನ ಮ್ಯಾಲ ನಿಂತಿದ್ದು ತೆಳ್ಳನವರ ಮ್ಯಾಲ ಜಾರತೈತಿ ಅಂತ ಇವತ್ತ ಗೊತ್ತಾತು. ನನ್ನ ಕುತ್ತಿಗಿ ಬಿಟ್ಟ ಬ್ಯಾರೆ ಕುತ್ತಿಗಿ ನನಗ ಎಲ್ಲಿತ್ತವಾ?"

ಮಗಳಿಗೆ ಈಗ ಅರ್ಥವಾಯಿತು. ಮುಖ ಕಪ್ಪಿಟ್ಟಿತು. "ಅಂದ್ರ ನಮ್ಮವ್ವ ಹಸೀಮಣಿ ಮ್ಯಾಲ ಹಾಕ್ಕೊಂಡಿದ್ದು ಮೊದಲ... ಗಂಡ ಸತ್ತಾಕಿ ಕುತ್ತಿಗ್ಯಾಗಿಂದ..." ಎಂದು ಮಾತು ಮುಗಿಸದೆ ತಾಯಿಯ ಕಡೆ ನೋಡಿದಳು.

ಕಾಕು ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಇಷ್ಟು ವರ್ಷ ಅವರು ಅಂಜಿದ್ದು ಈ ಮಾತಿಗೇ ಇರಬೇಕು. ಆಯಿಯ ಹೆಸರು ಹೋಗುತ್ತದೆ ಎಂಬುದಕ್ಕಿಂತ ಹೆಚ್ಚಾಗಿ, ಎಷ್ಟೋ ಮದುಮಕ್ಕಳ ಮಂಗಳಕ್ಕೆ ತಮ್ಮ ಕುತ್ತಿಗೆ ಸೋಂಕಿದೆ ಎಂದು ಊರು ಹೇಳೀತು ಎಂಬ ಅಂಜಿಕೆ. ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಹುಡುಗಿ ನಿಪ್ಪಾಣಿ ಬಸ್ಸು ಹತ್ತುತ್ತಿದ್ದಳು, ಅಷ್ಟೇ.

ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಗಿಲ ಹೊರಗೆ ನೋಡಿದಳು. "ಹುಚ್ಚೀ" ಎಂದಳು ಮಗಳಿಗೆ, "ಇದನ್ನ ಕಟಗೊಂಡ ನಾ ಮದಿವ್ಯಾಗೇನಿ. ನಿಮ್ಮನ್ನೆಲ್ಲಾ ಹಡದೇನಿ. ನಿಮ್ಮಪ್ಪ ನೋಡಲ್ಲೆ, ಕಟ್ಟೀ ಮ್ಯಾಲ ಗುಂಡಕಲ್ಲಿನಾಂಗ ಕುಂತ ಎಲಿ ಅಡಿಕಿ ಜಗ್ಯಾಕತ್ತಾನ. ಏನಾಗೇತಿ ಅವಗ?"

ಹೊರಗಿನಿಂದ ಯಜಮಾನರು "ಏನಂದಿ?" ಎಂದರು. "ನಿಮಗಲ್ಲ, ತಿನ್ರಿ" ಎಂದಳು ಈಕೆ. ನನಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು.

ಕಾಕು ಕೈ ತೊಳೆದು ಬಂದು ಗೊಂಡೆಗೆ ಕೈ ಹಾಕಿದಾಗ ಆ ತಾಯಿಯೇ ತಡೆದಳು. "ಗಡಬಡಿ ಮಾಡಬ್ಯಾಡ್ರಿ, ಚಾ ಕುಡಿಯೂತನಕ ಇರ್ಲಿ" ಎಂದಳು. ಚಹಾ ಮಾಡಿದವಳು ನಾನು. ಬೇಕೆಂದೇ ತಡ ಮಾಡಿದೆ. ಕಾಕು ಟೀಕಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಎಷ್ಟು ಚೆಂದ ಕಾಣುತ್ತಿದ್ದರೆಂದರೆ ನನಗೆ ಅವರ ಗಂಡ ಸತ್ತ ದಿನದಿಂದ ಈವರೆಗಿನ ಎಲ್ಲರ ಮೇಲೂ ಸಿಟ್ಟು ಬಂತು. ಚಹಾ ಮುಗಿದ ಮೇಲೆ ಅತ್ತೆಯೇ ಬಿಚ್ಚಿ ಸೊಸೆಯ ಕುತ್ತಿಗೆಗೆ ಕಟ್ಟಿದಳು. ಗಂಟನ್ನು ಮಗಳ ಕೈಗೆ ಕೊಟ್ಟು "ಹೊರು" ಎಂದಳು. ಎಲ್ಲರೂ ಪಾಲಬಾವಿಗೆ ಹೋದರು.

ಸುದ್ದಿ ನಿಲ್ಲುತ್ತದೆಯೇ? ಕಾಕು ಬಾಗಿಲು ತೆರೆದಿಟ್ಟೇ ಟೀಕಿ ಹಾಕಿಕೊಂಡಿದ್ದರು. ಓಣಿ ವಾರಗಟ್ಟಲೆ ಮಾತಾಡಿತು, ಮೈದುನನ ಸೊಸೆ ಕೆಲದಿನ ಕೆಳಗೆ ಇಳಿಯಲಿಲ್ಲ. ರೊಟ್ಟಿ ಬಡಿಸದೆ "ಆಯೀದ" ಎಂದು ಕೊಟ್ಟು ಕಳಿಸಿದ್ದ ಮನೆಗಳವರು ಒಬ್ಬೊಬ್ಬರೇ ಬಂದು ಕೇಳಿದರು. ಅವರೆಲ್ಲರಿಗೂ ಕಾಕು "ನಂದು. ಅವತ್ತ ಸುಳ್ಳ ಹೇಳಿದ್ನಿ" ಎಂದರು. ರಾಯಬಾಗದ ಒಂದು ಮನೆಯವರು ಅಪಶಕುನವೆಂದು ತಮ್ಮದನ್ನು ಕರಗಿಸಿದರು. ಆ ಸುದ್ದಿ ಬಂದ ದಿನ ಕಾಕು ಒಲೆ ಹಚ್ಚಲಿಲ್ಲ, ನಾನು ಕಳಿಸಿದ ಅನ್ನವೂ ಹಾಗೇ ತಿರುಗಿ ಬಂತು. ಆದರೆ ಇನ್ನು ಕೆಲವರು "ನಮ್ಮ ಹುಡಿಗಿ ತೆಳ್ಳಗ ಅದಾಳ್ರಿ, ಜಾರದಾಂಗ ಮಾಡಿ ಕೊಡ್ರಿ" ಎಂದು ತಂದರು. ಕಾಕು ಮೂಲೆಯಲ್ಲಿದ್ದ ಅಗ್ಗಿಷ್ಟಿಕೆಯನ್ನು ಹೊರಗೆಳೆದರು. ತಿನ್ನುವ ಎಲೆ ತರಿಸಿ ಕತ್ತರಿಸಿ ನನ್ನ ಕುತ್ತಿಗೆಗೆ ಅಂಟಿಸಿ, "ಶಾಳೀಗೆ ಹಿಂಗ ಹೋಗಿ ಬಾ" ಎಂದು ಪೀಡಿಸಿದರು. ಶಾಲೆಗೆ ಹೋಗಲಿಲ್ಲ, ಆದರೆ ಮನೆಯ ಕಸವನ್ನೆಲ್ಲ ಹಾಗೆಯೇ ಹೊಡೆದಿದ್ದೇನೆ. ಕೈ ನಡುಗುತ್ತಿತ್ತು, ಕೆಲಸ ತಡವಾಗುತ್ತಿತ್ತು, ಬೈಗುಳ ಮಾತ್ರ ಮೊದಲಿನಂತೆಯೇ ಧಾರಾಳ. ಆ ಕೊನೆಯ ವರ್ಷಗಳಲ್ಲಿ ಅವರಷ್ಟು ಖುಷಿಯಾಗಿದ್ದ ಮನುಷ್ಯರನ್ನು ನಾನು ನೋಡಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯ ಬೆಳಿಗ್ಗೆ ಕಾಕು ತೀರಿಕೊಂಡರು. ಮಲಗಿದವರು ಏಳಲಿಲ್ಲ. ಅಂಗಳದಲ್ಲಿ ಹೆಣ ಇಟ್ಟಿದ್ದೆವು. ಮಧ್ಯಾಹ್ನದ ಬಸ್ಸಿಗೆ ಪಾಲಬಾವಿಯ ಸೊಸೆ ಬಂದಳು, ಒಬ್ಬಳೇ. ಹಳೆಯ ಹತ್ತಿ ಸೀರೆ, ಕೆದರಿದ ತಲೆ, ಕುತ್ತಿಗೆಯಲ್ಲಿ ಆ ಟೀಕಿ. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಸಾವಿನ ಮನೆಗೆ ಬರುವವರು ನಮ್ಮಲ್ಲಿ ಇದ್ದಬದ್ದ ಒಡವೆ ಬಿಚ್ಚಿಟ್ಟು ಬರುತ್ತಾರೆ. ಓಣಿಯ ಹಿರಿಯ ಹೆಂಗಸೊಬ್ಬಳು ತಡೆಯಲಾರದೆ, "ಹೆಣದ ಮುಂದ ದಾಗೀನ ಹಾಕ್ಕೊಂಡ ಬಂದೀಯಲ್ಲವಾ, ನಿಮ್ಮ ಮನ್ಯಾಗ ಹಿರ್ಯಾರ ಯಾರೂ ಹೇಳಲಿಲ್ಲೇನ?" ಎಂದು ಕೇಳಿದಳು.

"ನಮ್ಮತ್ತೀನ ಕಟ್ಟಿ ಕಳಿಸ್ಯಾಳ್ರಿ" ಎಂದಳು ಅವಳು. ಕಾಕುವಿನ ಕಾಲ ಹತ್ತಿರ ಕೂತು ಎರಡೂ ಕೈಯಲ್ಲಿ ಪಾದ ಹಿಡಿದುಕೊಂಡಳು. "ಇದನ್ನ ಮಾಡಿದವರು ಹೋಗ್ಯಾರ್ರೀ. ಇದನ್ನ ಮನ್ಯಾಗಿಟ್ಟ ಹೆಂಗ ಬರ್ಲಿ?"